ನಾಲ್ಕು ಲಕ್ಷದಿಂದ ಒಂದೂವರೆ ಸಾವಿರಕ್ಕೆ: ಕೆನಡಾ ಸೇನೆಯ ಲಾರಿಗಳು ಎಡವಿದ್ದೆಲ್ಲಿ?

ಕೆನಡಾ ಸೇನೆಯ ಎಲ್‌ಎಸ್‌ವಿಡಬ್ಲ್ಯೂ ಎಂಬ ಹಗುರ ಲಾರಿ ಬರುತ್ತಿರುವುದು ಕಣ್ಣಿಗಿಂತ ಮೊದಲು ಕಿವಿಗೆ ಗೊತ್ತಾಗುತ್ತದೆ. ಬ್ರೇಕ್ ಒತ್ತಿದ್ದೇ ತಡ, ತಗಡಿನ ಮೇಲೆ ಮೊಳೆ ಎಳೆದಂಥ ಕೀರಲು ಸದ್ದು. ಶತ್ರುವಿನ ಕಣ್ಣಿಗೆ ಬೀಳದಿರಲೆಂದು ಹಸಿರು ಬಳಿದ ಗಾಡಿ ತನ್ನ ಬರವನ್ನು ತಾನೇ ಡಂಗುರ ಸಾರಿಕೊಂಡು ಬರುತ್ತದೆ. 1990ರ ದಶಕದ ಆರಂಭದಲ್ಲಿ ಸೇರಿದ ಈ ಲಾರಿಗಳನ್ನೂ ಅವುಗಳಿಗಿಂತ ಹಳೆಯ ಭಾರಿ ಲಾರಿಗಳನ್ನೂ ತೆಗೆದು ಹೊಸವನ್ನು ತರಲು ಕೆನಡಾ ಸರ್ಕಾರ 2024ರಲ್ಲಿ ಒಪ್ಪಂದ ಮಾಡಿಕೊಂಡಿತು. ಜನರಲ್ ಡೈನಮಿಕ್ಸ್ ಲ್ಯಾಂಡ್ ಸಿಸ್ಟಮ್ಸ್ ಕೆನಡಾ ಮತ್ತು ಮಾರ್ಷಲ್ ಕೆನಡಾ ಜೊತೆಗೂಡಿ ಇದನ್ನು ಪಡೆದಿವೆ. ಆದರೆ ಲಾರಿ ಮಾತ್ರ ಜರ್ಮನಿಯದು: ಡೈಮ್ಲರ್ ಟ್ರಕ್ ಕಂಪನಿಯ ಮರ್ಸಿಡಿಸ್ ಜೆಟ್ರೋಸ್, 1,500ಕ್ಕೂ ಹೆಚ್ಚು.

ಎರಡನೇ ಮಹಾಯುದ್ಧದಲ್ಲಿ ಇದೇ ದೇಶ 8 ಲಕ್ಷಕ್ಕೂ ಹೆಚ್ಚು ಸೇನಾ ವಾಹನ ತಯಾರಿಸಿತ್ತು. ಅವುಗಳಲ್ಲಿ ಸುಮಾರು 4 ಲಕ್ಷ, ಕೆನಡಾದಲ್ಲೇ ರೂಪಿಸಿದ ಒಂದೇ ಕುಟುಂಬದ ಲಾರಿಗಳು. ಅಲ್ಲಿಂದ ಇಲ್ಲಿಗೆ ಬಂದ ದಾರಿಯ ಬಗ್ಗೆ ‘ಕೈಗಾರಿಕೆ ಕುಸಿಯಿತು’, ‘ರಾಜಕಾರಣ ಕೆಡಿಸಿತು’ ಎಂಬ ಮಾತು ಆಗಾಗ ಕೇಳಿಬರುತ್ತದೆ. ಎರಡರಲ್ಲೂ ಒಂದಿಷ್ಟು ಸತ್ಯವಿದೆ. ಆದರೆ ಅಸಲು ಸಂಗತಿ ಇರುವುದು ಸ್ಪೇರ್ ಪಾರ್ಟಿನ ಗೋದಾಮಿನಲ್ಲಿ. ಒಂದು ಮಾದರಿಯ ಗಾಡಿ ಎಷ್ಟು ಸಂಖ್ಯೆಯಲ್ಲಿ ತಯಾರಾಯಿತು, ಅದರಲ್ಲಿ ಮಾರುಕಟ್ಟೆಯ ಸಾಮಾನ್ಯ ಲಾರಿಯ ಭಾಗ ಎಷ್ಟು, ಸೇನೆಗೆಂದೇ ಮಾಡಿಸಿದ ಭಾಗ ಎಷ್ಟು? ಇಪ್ಪತ್ತು ವರ್ಷದ ಮೇಲೆ ಆ ಗಾಡಿ ಓಡುತ್ತದೋ ಶೆಡ್ಡಿನಲ್ಲಿ ನಿಲ್ಲುತ್ತದೋ ಎಂಬುದನ್ನು ಹೆಚ್ಚಾಗಿ ತೀರ್ಮಾನಿಸುವುದು ಈ ಲೆಕ್ಕವೇ.

ಮೊದಲ ಮಹಾಯುದ್ಧದಲ್ಲೇ ಇದರ ರುಚಿ ಹತ್ತಿತ್ತು. 1914ರಲ್ಲಿ ಅವಸರದಲ್ಲಿ ಹೊರಟ ಮೊದಲ ತುಕಡಿ, ಕೈಗೆ ಸಿಕ್ಕ ಬೇರೆ ಬೇರೆ ಕಂಪನಿಗಳ ಗಾಡಿಗಳನ್ನು ಹಡಗಿಗೆ ಹೇರಿಕೊಂಡು ಹೋಯಿತು. ಸಮುದ್ರದಾಚೆ ಅವಕ್ಕೆ ಬಿಡಿಭಾಗ ಹೊಂದಿಸುವುದೇ ಕಷ್ಟವಾಗಿ ಬ್ರಿಟಿಷ್ ಗಾಡಿಗಳಿಗೆ ಮೊರೆಹೋಗಬೇಕಾಯಿತು. ಅದೇ ವರ್ಷ ರೇಮಂಡ್ ಬ್ರುಟಿನೆಲ್ ಕಟ್ಟಿದ ಮೋಟಾರು ಮಷಿನ್‌ಗನ್ ದಳ ಮಾತ್ರ ಬೇರೆ ದಾರಿ ಹಿಡಿಯಿತು. ಅಮೆರಿಕದ ಆಟೋಕಾರ್ ಕಂಪನಿಯ ಒಂದೇ ಮಾದರಿಯ ಲಾರಿ ಚಾಸಿ, ಅದರ ಮೇಲೆ ಉಕ್ಕಿನ ಫಲಕ, ಒಳಗೆ ಮಷಿನ್‌ಗನ್. ಹೀಗೆ ಕವಚ ತೊಡಿಸಿದ್ದು ಎಂಟೇ ಗಾಡಿಗಳಿಗೆ. 1918ರ ಮಾರ್ಚ್‌ನಲ್ಲಿ ಜರ್ಮನರು ನುಗ್ಗಿದಾಗ, ಬಿರುಕು ಬಿಟ್ಟ ಕಡೆಗೆಲ್ಲ ಓಡಿ ತಡೆ ಒಡ್ಡಿದ ಈ ದಳದ ಒಂದು ಗಾಡಿ ಇವತ್ತಿಗೂ ಒಟ್ಟಾವಾದ ಯುದ್ಧ ವಸ್ತುಸಂಗ್ರಹಾಲಯದಲ್ಲಿದೆ.

ಯುದ್ಧ ಮುಗಿದ ಮೇಲೆ ಹದಿನೈದು ವರ್ಷ ಹೇಳಿಕೊಳ್ಳುವಂಥದ್ದೇನೂ ಆಗಲಿಲ್ಲ. ಕತೆ ಮತ್ತೆ ಶುರುವಾಗುವುದು 1930ರ ದಶಕದ ನಡುವಿನಲ್ಲಿ. ಬ್ರಿಟಿಷ್ ಸೇನೆಯ ಹದಿನೈದು ಹಂಡ್ರೆಡ್‌ವೇಟ್ (ಸುಮಾರು 760 ಕೆಜಿ) ಹೊರುವ ಲಾರಿಯ ಅಳತೆಗೆ ಹೊಂದುವ ಗಾಡಿಯನ್ನು ಕೆನಡಾದ ಮಾಮೂಲಿ ಭಾಗಗಳಿಂದಲೇ ಕಟ್ಟಲು ಬರುತ್ತದೆಯೇ ಎಂದು ಅಲ್ಲಿನ ಸೇನೆ ಫೋರ್ಡ್ ಮತ್ತು ಜನರಲ್ ಮೋಟಾರ್ಸ್ ಕಂಪನಿಗಳನ್ನು ಕೇಳಿತು. 1937ರ ಹೊತ್ತಿಗೆ ಎರಡೂ ಕಂಪನಿಗಳ ಮಾದರಿ ಗಾಡಿಗಳು ಪರೀಕ್ಷೆಗೆ ಸಿದ್ಧವಾದವು. ‘ಕೆನಡಾ ಸೇನಾ ಮಾದರಿ’ ಅಥವಾ ಸಿಎಂಪಿ ಎಂದು ಆಮೇಲೆ ಹೆಸರಾದ ಕುಟುಂಬದ ಬೇರು ಇದೇ.

ಹೆಸರಿನ ಲೆಕ್ಕ ತಿಳಿದರೆ ಅರ್ಧ ಗಾಡಿ ತಿಳಿದಂತೆ. ಸಿ ಅಂದರೆ ಒಶಾವಾ ಊರಿನ ಜಿಎಂ ಕಾರ್ಖಾನೆಯ ಷೆವ್ರೊಲೆ, ಎಫ್ ಅಂದರೆ ವಿಂಡ್ಸರ್‌ನ ಫೋರ್ಡ್. ಮುಂದಿನ ಅಂಕಿ ಹೊರುವ ತೂಕ, ಹಂಡ್ರೆಡ್‌ವೇಟ್ ಲೆಕ್ಕದಲ್ಲಿ. ಒಂದು ಹಂಡ್ರೆಡ್‌ವೇಟ್ ಅಂದರೆ 112 ಪೌಂಡ್, ಸುಮಾರು 50.8 ಕೆಜಿ. ಹಾಗಾಗಿ 15 ಅಂದರೆ ಸುಮಾರು 760 ಕೆಜಿ, 60 ಅಂದರೆ 3 ಬ್ರಿಟಿಷ್ ಟನ್. 15ರ ಮುಂದೆ ಎ ಇದ್ದರೆ ನಾಲ್ಕೂ ಚಕ್ರಕ್ಕೆ ಚಾಲನೆ. 60ರ ಮುಂದೆ ಎಸ್ ಇದ್ದರೆ ಮುಂದಿನ ಮತ್ತು ಹಿಂದಿನ ಆಕ್ಸಲ್ ನಡುವೆ 134 ಇಂಚು, ಎಲ್ ಇದ್ದರೆ 158 ಇಂಚು. ಷೆವ್ರೊಲೆಯ ಮೂರು ಟನ್ನಿನ ಉದ್ದ ಲಾರಿ ಸಿ60ಎಲ್ ಆಗುವುದು ಹೀಗೆ. ಸ್ಟೀರಿಂಗ್ ಬಲಗಡೆ. ಕೆನಡಾದ ರಸ್ತೆಗೆ ಅದು ಉಲ್ಟಾ, ಆದರೆ ಗಾಡಿ ಓಡಬೇಕಾದದ್ದು ಬ್ರಿಟಿಷ್ ಸೇನೆಗಳ ಜೊತೆ.

ಮೂತಿ ಚಪ್ಪಟೆ. ಚಂದಕ್ಕಲ್ಲ. ಎಂಜಿನ್ನನ್ನು ಚಾಲಕ ಮತ್ತು ಪಕ್ಕದವನ ನಡುವೆ ಹಿಂದಕ್ಕೆ ತಳ್ಳಿದರೆ ಗಾಡಿಯ ಉದ್ದ ಕಡಿಮೆಯಾಗುತ್ತದೆ, ಹಡಗಿನಲ್ಲಿ ಜಾಗ ಉಳಿಯುತ್ತದೆ, ಅಷ್ಟೇ ಉದ್ದಕ್ಕೆ ಹಿಂದೆ ಹೆಚ್ಚು ಸಾಮಾನು ಹಿಡಿಸುತ್ತದೆ. ಇದರ ಬೆಲೆ ತೆತ್ತವನು ಚಾಲಕ. ಉತ್ತರ ಅಮೆರಿಕದ ಎಂಜಿನ್ನುಗಳು ಬ್ರಿಟಿಷ್ ಎಂಜಿನ್ನುಗಳಿಗಿಂತ ದೊಡ್ಡವು. ಮೊದಲ ಕ್ಯಾಬಿನ್‌ಗಳಲ್ಲಿ ಸೈನಿಕರ ಬೂಟು ಹಾಕಿಕೊಂಡು ಪೆಡಲ್ ತುಳಿಯುವುದೇ ಸಾಹಸ, ಮೇಲಿಂದ ಮೊಣಕಾಲಿಗೆ ಎಂಜಿನ್ನಿನ ಕಾವು. 11 ಮತ್ತು 12ನೇ ನಂಬರಿನ ಕ್ಯಾಬಿನ್ ದಾಟಿ 13ನೆಯದಕ್ಕೆ ಬಂದಾಗ ಜಾಗ ಸ್ವಲ್ಪ ಸಡಿಲವಾಯಿತು. ಅದರ ಮುಂಗಾಜನ್ನು ಮೇಲ್ತುದಿ ಮುಂದಕ್ಕೆ ಚಾಚುವಂತೆ ಓರೆಯಾಗಿ ಕೂರಿಸಿದರು. ಬಿಸಿಲು ಕಣ್ಣಿಗೆ ಹೊಡೆಯುವುದು ಕಡಿಮೆಯಾಯಿತು, ಗಾಜಿನ ಹೊಳಪು ಆಕಾಶದಲ್ಲಿನ ವಿಮಾನಕ್ಕೆ ಕಾಣುವುದೂ ತಪ್ಪಿತು. ಆ ವಿಚಿತ್ರ ಓರೆಯಿಂದಲೇ ಇವತ್ತಿಗೂ ಈ ಲಾರಿಯನ್ನು ದೂರದಿಂದ ಗುರುತಿಸಬಹುದು.

ಎರಡು ಕಂಪನಿಗಳ ಲಾರಿಗಳಿಗೂ ಕ್ಯಾಬಿನ್ ಮತ್ತು ಹಿಂದಿನ ಬಾಡಿ ಹೆಚ್ಚುಕಡಿಮೆ ಒಂದೇ, ಎಂಜಿನ್ ಮಾತ್ರ ಅವರವರದು. ಫೋರ್ಡ್ ಹಾಕಿದ್ದು 239 ಘನ ಇಂಚಿನ ವಿ8, 95 ಅಶ್ವಶಕ್ತಿ. ಷೆವ್ರೊಲೆಯದು 216 ಘನ ಇಂಚಿನ, ಆರು ಸಿಲಿಂಡರ್ ಸಾಲಾಗಿ ನಿಂತ ಎಂಜಿನ್, 85 ಅಶ್ವಶಕ್ತಿ. ಎರಡೂ ಅದಾಗಲೇ ನಾಗರಿಕ ಕಾರು ಲಾರಿಗಳಲ್ಲಿ ಓಡುತ್ತಿದ್ದವು, ಎರಡಕ್ಕೂ ಅವುಗಳದೇ ಹುಳುಕು ಇತ್ತು. ಫೋರ್ಡ್ ವಿ8ರಲ್ಲಿ ಸುಟ್ಟ ಹೊಗೆ ಹೊರಹೋಗುವ ದಾರಿ ಎಂಜಿನ್ ಬ್ಲಾಕಿನ ಒಳಗಿಂದಲೇ ಹಾದುಹೋಗುವುದರಿಂದ ತಂಪು ನೀರು ಬೇಗ ಕಾಯುತ್ತದೆ. ಜೊತೆಗೆ ಪೆಟ್ರೋಲ್ ಪೈಪು ಕಾದು ಒಳಗಿನ ಪೆಟ್ರೋಲ್ ಆವಿಯಾದರೆ ಪಂಪಿಗೆ ಹಿಡಿತ ಸಿಗದೆ ಗಾಡಿ ನಿಂತುಬಿಡುತ್ತದೆ. ಪೈಪಿಗೂ ಪಂಪಿಗೂ ಒದ್ದೆ ಬಟ್ಟೆ ಸುತ್ತಿ ಕಾಯುವುದು ಹಳೇ ಚಾಲಕರ ಮದ್ದು. ಷೆವ್ರೊಲೆಯಲ್ಲಿ ಕನೆಕ್ಟಿಂಗ್ ರಾಡಿನ ಬೇರಿಂಗಿಗೆ ಎಣ್ಣೆ ತಲುಪುವುದು ಒತ್ತಡದ ಕೊಳವೆಯಲ್ಲಲ್ಲ. ರಾಡಿನ ತುದಿಯ ಸಣ್ಣ ಚಮಚ ತಿರುಗುವಾಗ ಎಣ್ಣೆಯನ್ನು ಬಾಚಿಕೊಳ್ಳುತ್ತದೆ. ಆದ್ದರಿಂದ ಎಣ್ಣೆಯ ಒತ್ತಡ ತೋರಿಸುವ ಗೇಜಿನ ಮುಳ್ಳು 14-15 ಪೌಂಡಿಗಿಂತ ಮೇಲೇರದಿದ್ದರೆ ಗಾಬರಿಪಡಬೇಕಾಗಿಲ್ಲ, ಅದು ಅದರ ಸ್ವಭಾವ. ಗಾಬರಿಯಾಗಬೇಕಾದದ್ದು ಎಣ್ಣೆಯ ಮಟ್ಟ ಇಳಿದ ಗಾಡಿಯನ್ನು ಗಂಟೆಗಟ್ಟಲೆ ಪೂರ್ತಿ ವೇಗದಲ್ಲಿ ಓಡಿಸಿದಾಗ. ಬೇರಿಂಗಿನ ಮೆತ್ತನೆಯ ಬಿಳಿ ಲೋಹ ಕರಗಿ, ಕೆಳಗಿನಿಂದ ಟಕಟಕ ಸದ್ದು ಶುರುವಾಗುತ್ತದೆ.

ಚಕ್ರದ ವಿಷಯವನ್ನು ನಿಧಾನವಾಗಿ ಹೇಳಬೇಕು, ಏಕೆಂದರೆ ಹಳೇ ಗಾಡಿ ರಿಪೇರಿಗೆ ಇಳಿಯುವವರ ಪ್ರಾಣಕ್ಕೆ ಸಂಬಂಧಿಸಿದ್ದು. ಸಿಎಂಪಿಯ ಚಕ್ರ ಒಂದೇ ತುಂಡಲ್ಲ. ಎರಡು ಹೋಳುಗಳನ್ನು ಸುತ್ತಲೂ ನಟ್ಟು ಬೋಲ್ಟಿನಿಂದ ಬಿಗಿದಿರುತ್ತಾರೆ. 15 ಹಂಡ್ರೆಡ್‌ವೇಟ್ ಗಾಡಿಗೆ 9.00-16 ಟೈರು, ಮೂರು ಟನ್ನಿಗೆ 10.50-20. ಟೈರಿನ ಅಂಚು ಜಾರದಂತೆ ಒಳಗೆ ಬಳೆಯೊಂದು ಇರುವುದರಿಂದ ಗುಂಡು ತಾಗಿ ಗಾಳಿ ಹೋದರೂ ಸ್ವಲ್ಪ ದೂರ ಓಡಿಸಬಹುದು. ಚಕ್ರದಲ್ಲಿ ಎರಡು ಸಾಲು ನಟ್ಟುಗಳಿವೆ. ಒಳಸಾಲು ಚಕ್ರವನ್ನು ಆಕ್ಸಲ್ ತುದಿಯ ಹಬ್ಬಿಗೆ ಹಿಡಿಯುತ್ತದೆ, ಹೊರಸಾಲು ಹೋಳುಗಳನ್ನು ಹಿಡಿಯುತ್ತದೆ. ಚಕ್ರ ಬದಲಿಸಲು ಒಳಸಾಲು ಮಾತ್ರ ಬಿಚ್ಚಬೇಕು. ಪಂಕ್ಚರ್ ಹಾಕಲು ಹೊರಸಾಲು ಬಿಚ್ಚುವ ಮುನ್ನ ವಾಲ್ವಿನ ಪಿನ್ ಪೂರ್ತಿ ಹೊರತೆಗೆದು, ತಂತಿ ತೂರಿಸಿ ದಾರಿ ಕಟ್ಟಿಲ್ಲವೆಂದು ನೋಡಿ, ಟೈರನ್ನು ಒತ್ತಿ ಗಾಳಿ ಇಲ್ಲವೆಂದು ಖಾತ್ರಿ ಮಾಡಿಕೊಳ್ಳಬೇಕು. ಗಾಳಿ ಇರುವಾಗ ಹೊರಸಾಲು ಸಡಿಲಿಸಿದರೆ ಕೊನೆಯ ಎರಡು ಮೂರು ಬೋಲ್ಟು ಕಿತ್ತು ಉಕ್ಕಿನ ಹೋಳು ಸಿಡಿಯುತ್ತದೆ. ಎದುರಿಗೆ ಬಾಗಿದವನ ತಲೆ ಉಳಿಯುವುದಿಲ್ಲ. ಹೊರಸಾಲಿಗೆ ಕೆಂಪು ಬಣ್ಣ ಬಳಿಯುತ್ತಿದ್ದುದು ಇದಕ್ಕೇ. ಸಂಗ್ರಹಕಾರರು ಗಾಡಿಗೆ ಹೊಸ ಬಣ್ಣ ಹೊಡೆಸುವಾಗ ಅಂದಕ್ಕೆಂದು ಆ ಕೆಂಪನ್ನೂ ಹಸಿರಿನಡಿ ಮುಚ್ಚಿಸುವುದು ಶುದ್ಧ ಅವಿವೇಕ.

ಇನ್ನೊಂದು ಮಾಮೂಲಿ ತಪ್ಪು ನಾಲ್ಕು ಚಕ್ರದ ಚಾಲನೆಯನ್ನು ಡಾಂಬರು ರಸ್ತೆಯಲ್ಲೂ ಹಾಕಿಟ್ಟುಕೊಳ್ಳುವುದು. ಮುಂದಿನ ಮತ್ತು ಹಿಂದಿನ ಆಕ್ಸಲ್ಲಿನ ನಡುವೆ, ಎರಡೂ ಬೇರೆ ಬೇರೆ ವೇಗದಲ್ಲಿ ತಿರುಗಲು ಬಿಡುವ ಡಿಫರೆನ್ಷಿಯಲ್ ಇಲ್ಲ. ತಿರುವಿನಲ್ಲಿ ಮುಂದಿನ ಚಕ್ರ ಹೆಚ್ಚು ದೂರ ಉರುಳಬೇಕು. ಕೆಸರಿನಲ್ಲಾದರೆ ಚಕ್ರ ಜಾರಿ ಆ ವ್ಯತ್ಯಾಸ ಸರಿಹೋಗುತ್ತದೆ, ಗಟ್ಟಿ ರಸ್ತೆಯಲ್ಲಿ ಶಾಫ್ಟು ತಿರುಚಿಕೊಂಡು ಗೇರ್ ಕಚ್ಚಿಕೊಳ್ಳುತ್ತದೆ. ಲಿವರ್ ಎಷ್ಟು ಎಳೆದರೂ ಬರದಿದ್ದರೆ ಸುತ್ತಿಗೆ ಹುಡುಕಬಾರದು. ಗಾಡಿಯನ್ನು ಕೊಂಚ ಹಿಂದಕ್ಕೆ ಬಿಟ್ಟರೆ ಬಿಗಿ ಸಡಿಲುತ್ತದೆ.

1940ರಲ್ಲಿ ಬ್ರಿಟಿಷ್ ಸೇನೆ ಫ್ರಾನ್ಸಿನಿಂದ ಡಂಕರ್ಕ್ ಮೂಲಕ ಹಿಂದೆ ಸರಿದಾಗ ಬಿಟ್ಟುಬಂದ ವಾಹನಗಳು 60,000ಕ್ಕೂ ಹೆಚ್ಚು. ಆ ಖಾಲಿ ಜಾಗ ತುಂಬಿದ್ದರಲ್ಲಿ ಕೆನಡಾದ ಪಾಲು ದೊಡ್ಡದು. ಲಾರಿಗಳನ್ನು ಬಿಚ್ಚಿ ಪೆಟ್ಟಿಗೆಯಲ್ಲಿ ತುಂಬಿ ಕಳಿಸಿದರೆ ಹಡಗಿನಲ್ಲಿ ಹಿಡಿಸುವ ಸಂಖ್ಯೆ ಹೆಚ್ಚುತ್ತಿತ್ತು, ತಲುಪಿದಲ್ಲಿ ಜೋಡಿಸಿಕೊಳ್ಳುತ್ತಿದ್ದರು. ಆಸ್ಟ್ರೇಲಿಯಾದಲ್ಲಿ ಇದಕ್ಕೆ ‘ಬ್ಲಿಟ್ಜ್’ ಎಂಬ ಅಡ್ಡಹೆಸರು ಅಂಟಿತು. ಭಾರತದಲ್ಲಿ ಇನ್ನೊಂದು ಅವತಾರ: ಕೆನಡಾದಿಂದ ಬಂದ ಫೋರ್ಡ್ ಚಾಸಿಯ ಮೇಲೆ ಟಾಟಾ ಉಕ್ಕಿನ ಫಲಕದ ಒಡಲು ಕೂರಿಸಿ ಕವಚದ ಗಾಡಿ ಮಾಡಿದರು. ಕಾಗದದ ಮೇಲೆ ಅದರ ಹೆಸರು ‘ಇಂಡಿಯನ್ ಪ್ಯಾಟರ್ನ್ ವೀಲ್ಡ್ ಕ್ಯಾರಿಯರ್’. ಸೈನಿಕರ ಬಾಯಲ್ಲಿ ಮಾತ್ರ ‘ಟಾಟಾನಗರ್’. ಇಂಥವು 4,600ಕ್ಕೂ ಹೆಚ್ಚು ತಯಾರಾದವು. ಇಷ್ಟೆಲ್ಲ ದೇಶಗಳಲ್ಲಿ ಒಂದೇ ಕುಟುಂಬದ ಗಾಡಿ ಹರಡಿದ್ದರಿಂದ ಯಾವ ರಣರಂಗದಲ್ಲೂ ಕೆಟ್ಟುನಿಂತ ಒಂದು ಲಾರಿ ಇನ್ನೆರಡು ಲಾರಿಗೆ ಬಿಡಿಭಾಗದ ಅಂಗಡಿಯಾಗುತ್ತಿತ್ತು. ರಿಪೇರಿಗೆಂದೇ ಪ್ರತ್ಯೇಕವಾದ ಎಲೆಕ್ಟ್ರಿಕಲ್ ಮತ್ತು ಮೆಕ್ಯಾನಿಕಲ್ ಎಂಜಿನಿಯರ್ಸ್ ದಳವನ್ನು ಕೆನಡಾ 1944ರಲ್ಲಿ ಕಟ್ಟಿತು. ಯುದ್ಧ ಮುಗಿದ ಮೇಲೆ ಉಳಿದ ಲಾರಿಗಳು ಡಚ್ ಸೇನೆಯಂಥ ಕಡೆ ಇನ್ನೂ ಎಷ್ಟೋ ವರ್ಷ ದುಡಿದವು.

1950ರ ದಶಕದಲ್ಲಿ ಕೆನಡಾ ತನ್ನದೇ ಮಾದರಿ ಬಿಟ್ಟು ಅಮೆರಿಕದ ನಕ್ಷೆಗೆ ಹೊರಳಿತು. ನೇಟೊ ಸೇರಿದ್ದಾಗಿತ್ತು, ಕೊರಿಯಾದಲ್ಲಿ ಯುದ್ಧ ನಡೆದಿತ್ತು, ಪಕ್ಕದಲ್ಲಿ ನಿಲ್ಲುವ ಸೇನೆ ಅಮೆರಿಕದ್ದು. ಎಂ38 ಜೀಪನ್ನು ಫೋರ್ಡ್, ಮುಕ್ಕಾಲು ಟನ್ನಿನ ಎಂ37ನ್ನು ಕ್ರೈಸ್ಲರ್, ಎರಡೂವರೆ ಟನ್ನಿನ ಎಂ135ನ್ನು ಜಿಎಂ, ಎಲ್ಲವನ್ನೂ ಕೆನಡಾದಲ್ಲೇ ಕಟ್ಟಿದರು. ವಿದ್ಯುತ್ ವ್ಯವಸ್ಥೆ ನೀರು ಹೊಗದ 24 ವೋಲ್ಟ್. ಎಂ135ಗೆ ಹೈಡ್ರಾಮ್ಯಾಟಿಕ್ ಆಟೋಮ್ಯಾಟಿಕ್ ಗೇರ್, ಆ ಕಾಲಕ್ಕೆ ಅದೊಂದು ಬೆಡಗು. ಇದು ಸರಿಯಾದ ಆಯ್ಕೆಯೇ ಆಗಿತ್ತು ಎನ್ನಬೇಕು. ಕೆನಡಾದ ಬ್ಯಾಚು ಸಣ್ಣದಾದರೂ ಅಮೆರಿಕದ ದೊಡ್ಡ ಬ್ಯಾಚಿನ ನೆರಳಿನಲ್ಲಿತ್ತು. ಎಂ135 ಮೂವತ್ತು ವರ್ಷ ತಳ್ಳಿತು.

ತೊಡಕು ಶುರುವಾಗುವುದು 1980ರ ದಶಕದಲ್ಲಿ. ಎಂ135ರ ಜಾಗಕ್ಕೆ ಬಂದ ಎಂಎಲ್‌ವಿಡಬ್ಲ್ಯೂ ಎಂಬ ಮಧ್ಯಮ ಲಾರಿ, ಅಮೆರಿಕದ ಎಂ35 ನಕ್ಷೆಯನ್ನು ಬೊಂಬಾರ್ಡಿಯರ್ ಕಂಪನಿ ಡೀಸೆಲ್‌ಗೆ ಬದಲಿಸಿ ಕಟ್ಟಿದ್ದು, 2,700ಕ್ಕೂ ಹೆಚ್ಚು. ಜೀಪಿನ ಜಾಗಕ್ಕೆ ಫೋಕ್ಸ್‌ವ್ಯಾಗನ್ ನಕ್ಷೆಯ ಇಲ್ಟಿಸ್, ಅದನ್ನೂ ಬೊಂಬಾರ್ಡಿಯರ್ ಕಟ್ಟಿತು. ಭಾರಿ ಲಾರಿಗೆ ಆಸ್ಟ್ರಿಯಾದ ಸ್ಟೈಯರ್, ಜೋಡಿಸಿದ್ದು ಕಿಂಗ್ಸ್ಟನ್‌ನಲ್ಲಿ, ಸುಮಾರು 1,200. ಹಗುರ ಲಾರಿಗೆ ಇಟಲಿಯ ಇವೆಕೊ 40.10 (ಮೊದಲು ಹೇಳಿದ ಎಲ್‌ಎಸ್‌ವಿಡಬ್ಲ್ಯೂ ಇದೇ), ಕಟ್ಟಿದ್ದು ಕೆಲೋನಾದ ವೆಸ್ಟರ್ನ್ ಸ್ಟಾರ್, ಸುಮಾರು 2,800. ಪಟ್ಟಿ ನೋಡಿ: ನಾಲ್ಕು ಗಾಡಿ, ನಾಲ್ಕು ದೇಶದ ನಕ್ಷೆ, ನಾಲ್ಕು ಎಂಜಿನ್. ಪ್ರತಿ ಒಪ್ಪಂದವೂ ಯಾವುದೋ ಪ್ರಾಂತ್ಯದಲ್ಲಿ ಕೆಲಸ ಕೊಟ್ಟಿತು, ಅದನ್ನು ಅಲ್ಲಗಳೆಯಲಾಗದು. ಆದರೆ ಕೊನೆಯ ಗಾಡಿ ಹೊರಬಿದ್ದ ಮೇಲೆ ಆ ಅಸೆಂಬ್ಲಿ ಸಾಲಿಗೆ ಬೇರೆ ಗಿರಾಕಿ ಇರಲಿಲ್ಲ.

ಇವೆಕೊ 40.10 ಎಂಬ ಹೆಸರಿನಲ್ಲೇ ಅದರ ಜಾತಕವಿದೆ: ಒಟ್ಟು ತೂಕ 4.0 ಟನ್, ಅಶ್ವಶಕ್ತಿ ಸುಮಾರು 100. ಯುರೋಪಿನ ಸಣ್ಣ ಲಾರಿ. ಕೆನಡಾ ಅದಕ್ಕೆ ತನ್ನ ಬೇಡಿಕೆಗಳನ್ನೆಲ್ಲ ಕೂಡಿಸಿ ಆಂಬುಲೆನ್ಸ್, ರೇಡಿಯೊ ಗಾಡಿ, ಸಂಚಾರಿ ವರ್ಕ್‌ಶಾಪ್ ಎಂದು ಹಲವು ವೇಷ ತೊಡಿಸಿತು. ಬ್ರೇಕಿನ ಕೀರಲು ಸದ್ದು ನಗೆಪಾಟಲಾಯಿತು. ಬ್ರೇಕ್ ಪ್ಯಾಡ್ ಮತ್ತು ಡಿಸ್ಕ್ ಉಜ್ಜುವಾಗ ಎರಡೂ ಸೇರಿ ನಡುಗುವುದೇ ಕೀರಲು. ಪ್ಯಾಡಿನ ಮಿಶ್ರಣ, ಅದನ್ನು ಹಿಡಿಯುವ ಕ್ಯಾಲಿಪರ್, ಡಿಸ್ಕಿನ ದಪ್ಪ, ಇವುಗಳಲ್ಲಿ ಒಂದನ್ನು ಬದಲಿಸಿದರೆ ನಡುಕದ ಲಯ ಬದಲಾಗುತ್ತದೆ. ಲಕ್ಷಗಟ್ಟಲೆ ಮಾರಾಟವಾಗುವ ಲಾರಿಯಾದರೆ ಪ್ಯಾಡ್ ಮಾಡುವ ಹತ್ತು ಕಂಪನಿಗಳು ಪೈಪೋಟಿಯಲ್ಲಿ ಹೊಸ ಮಿಶ್ರಣ ತರುತ್ತವೆ. 2,800 ಗಾಡಿಗೆ ಯಾರು ತರುತ್ತಾರೆ?

ಇದರ ಮೇಲೆ ಕೆನಡಾದ ಹವೆ. ಚಳಿಗಾಲದ ರಸ್ತೆಗೆ ಸುರಿಯುವ ಉಪ್ಪು ಚಾಸಿಯ ಸಂದಿಗಳಲ್ಲಿ ಕೂರುತ್ತದೆ. ಮೀಸಲು ಪಡೆಯ ಗಾಡಿಗಳು ಓಡುವುದಕ್ಕಿಂತ ನಿಲ್ಲುವುದೇ ಹೆಚ್ಚು. ಕ್ಯಾಲಿಪರಿನ ಜಾರುವ ಪಿನ್ನು ತುಕ್ಕು ಹಿಡಿದು ಕಚ್ಚಿಕೊಂಡರೆ ಒಂದು ಕಡೆಯ ಪ್ಯಾಡು ಮಾತ್ರ ಸವೆಯುತ್ತದೆ, ಗಾಡಿ ಒಂದು ಪಕ್ಕಕ್ಕೆ ಎಳೆಯುತ್ತದೆ. ಸೊನ್ನೆಗಿಂತ 40 ಡಿಗ್ರಿ ಕೆಳಗೆ ಡೀಸೆಲ್ಲಿನ ಮೇಣ ಗಟ್ಟಿಯಾಗಿ ಫಿಲ್ಟರ್ ಕಟ್ಟುತ್ತದೆ, ಬ್ಯಾಟರಿಯ ಕಸುವು ಅರ್ಧಕ್ಕಿಂತ ಕೆಳಗಿಳಿಯುತ್ತದೆ, ಗಾಳಿ ಬ್ರೇಕಿನ ಕೊಳವೆಯಲ್ಲಿ ತೇವವಿದ್ದರೆ ಹೆಪ್ಪುಗಟ್ಟುತ್ತದೆ. ಕಿಲೋಮೀಟರ್ ಮೀಟರ್ ಕಡಿಮೆ ತೋರಿಸಿದರೂ ಗಾಡಿ ಮುದಿಯಾಗುವುದು ಹೀಗೆ.

2003ರಲ್ಲಿ ಬೇರೆ ಬಗೆಯ ಪೆಟ್ಟು ಬಿತ್ತು. ಅಕ್ಟೋಬರ್ 2ರಂದು ಕಾಬೂಲ್ ಬಳಿ ಕ್ಯಾನ್ವಾಸ್ ಹೊದಿಕೆಯ ಇಲ್ಟಿಸ್ ನೆಲಬಾಂಬಿಗೆ ಸಿಕ್ಕಿ ಇಬ್ಬರು ಕೆನಡಾ ಸೈನಿಕರು ಸತ್ತರು. 2004ರ ಜನವರಿಯಲ್ಲಿ ಆತ್ಮಾಹುತಿ ದಾಳಿಗೆ ಮತ್ತೊಬ್ಬರು. ಕಾದಾಟದ ಮುಂಚೂಣಿಯಿಂದ ದೂರದ ಸಪ್ಲೈ ಗಾಡಿಗೆ ಕವಚ ಬೇಡ ಎಂಬ ಹಳೇ ನಂಬಿಕೆ ಅಲ್ಲಿಗೆ ಮುರಿಯಿತು. ಇಲ್ಟಿಸ್ ಜಾಗಕ್ಕೆ ಬಂದ ಪರಿಹಾರವೂ ಎರಡು ಕವಲು: ರಣರಂಗಕ್ಕೆ ಕವಚ ತೊಡಿಸಬಹುದಾದ ಮರ್ಸಿಡಿಸ್ ಜಿ-ವ್ಯಾಗನ್, ಮನೆಯಂಗಳದ ತರಬೇತಿಗೆ ಸೇನಾ ಬಣ್ಣ ಬಳಿದ ಷೆವ್ರೊಲೆ ಸಿಲ್ವರಾಡೊ ಪಿಕಪ್.

ಈ ಕವಲೇ ಮುಂದೆ ನೀತಿಯಾಯಿತು. 2006ರಲ್ಲಿ ಘೋಷಿಸಿದ ಮಧ್ಯಮ ಲಾರಿ ಯೋಜನೆಯಲ್ಲಿ ಎರಡು ಗುಂಪು. ಒಂದು, ಮಾರುಕಟ್ಟೆಯ ಲಾರಿಗೆ ಸ್ವಲ್ಪ ಸೇನಾ ಸಲಕರಣೆ ಸೇರಿಸಿದ್ದು. ಇನ್ನೊಂದು, ಆರಂಭದಿಂದಲೇ ಸೇನೆಯ ಮಟ್ಟಕ್ಕೆ ಕಟ್ಟಿದ್ದು. ಮೊದಲ ಗುಂಪಿಗೆ 2009ರಲ್ಲಿ ನೇವಿಸ್ಟಾರ್ ಕಂಪನಿಯ 1,300 ಲಾರಿ. ಅವು ತಯಾರಾಗುವುದು ಟೆಕ್ಸಸ್‌ನಲ್ಲಿ ಎಂದು ತಿಳಿದಾಗ, ಅದೇ ಕಂಪನಿಯ ಚ್ಯಾಥಮ್ ಕಾರ್ಖಾನೆಯಲ್ಲಿ ಕೆಲಸ ಕಳೆದುಕೊಂಡವರು ಸಿಟ್ಟಾದದ್ದು ಸಹಜ. ಆದರೂ ಲಾರಿಗಳು ಎರಡು ಮೂರು ವರ್ಷದಲ್ಲಿ ಸೇನೆಗೆ ಸೇರಿದವು. ಎರಡನೇ ಗುಂಪಿನ ಪಾಡು ಬೇರೆ. 2012ರ ಜುಲೈನಲ್ಲಿ, ಬಿಡ್ ಸಲ್ಲಿಸುವ ಗಡುವು ಮುಗಿಯಲು ಕೆಲವೇ ನಿಮಿಷ ಇರುವಾಗ ಟೆಂಡರ್ ರದ್ದಾಯಿತು. ಮತ್ತೆ ಕರೆದು, 2015ರ ಜುಲೈನಲ್ಲಿ ಮ್ಯಾಕ್ ಡಿಫೆನ್ಸ್‌ಗೆ 83.4 ಕೋಟಿ ಡಾಲರಿನ ಒಪ್ಪಂದ, 1,587 ಲಾರಿ. ಅದು ರೆನೋ ಕಂಪನಿಯ ಕೆರಾಕ್ಸ್ ಲಾರಿಯ ಮೇಲೆ ಕಟ್ಟಿದ ಎಂಟು ಚಕ್ರ ಚಾಲನೆಯ ಗಾಡಿ. ಘೋಷಣೆಯಿಂದ ಗಾಡಿ ಕೈಗೆ ಬರುವವರೆಗೆ ಹನ್ನೆರಡು ವರ್ಷದ ಆಸುಪಾಸು. 1937ರ ಮಾದರಿ ಗಾಡಿಯಿಂದ 1940ರ ಸಾಲುಸಾಲು ಉತ್ಪಾದನೆಗೆ ಮೂರೇ ವರ್ಷ ಹಿಡಿದಿತ್ತು. ಯುದ್ಧಕಾಲವನ್ನೂ ಶಾಂತಿಕಾಲವನ್ನೂ ಹೀಗೆ ತಕ್ಕಡಿಗೆ ಹಾಕುವುದು ಪೂರ್ತಿ ನ್ಯಾಯವಲ್ಲ. ಆದರೆ 1937ರದ್ದು ಶಾಂತಿಕಾಲವೇ ಆಗಿತ್ತು, ಆಗ ಕೇಳಿದ್ದು ‘ನಿಮ್ಮ ಹತ್ತಿರ ಇರುವ ಭಾಗಗಳಿಂದ ಏನು ಕಟ್ಟಬಲ್ಲಿರಿ’ ಎಂಬ ಒಂದೇ ಪ್ರಶ್ನೆ.

ಹಾಗಾದರೆ ಜೆಟ್ರೋಸ್ ಹೇಗೆ? ಅದು ಮೂತಿ ಮುಂದಿರುವ ಲಾರಿ, ಸಿಎಂಪಿಯ ತದ್ವಿರುದ್ಧ. ಬಾನೆಟ್ ಎತ್ತಿ ನೆಲದ ಮೇಲೆ ನಿಂತೇ ಎಂಜಿನ್ ಕೆಲಸ ಮಾಡಬಹುದು, ಕ್ಯಾಬಿನ್ ಮಗುಚಬೇಕಾಗಿಲ್ಲ. ಮುಂದಿನ ಚಕ್ರದ ಕೆಳಗೆ ಬಾಂಬು ಸಿಡಿದರೆ ಚಾಲಕ ಅದರ ನೇರ ಮೇಲೆ ಕೂತಿರುವುದಿಲ್ಲ. ಹಗುರ ಮತ್ತು ಭಾರಿ ಎರಡೂ ಗುಂಪಿಗೆ ಒಂದೇ ಕುಟುಂಬದ ಲಾರಿ ಬರುತ್ತಿರುವುದು ಈ ಒಪ್ಪಂದದ ನಿಜವಾದ ಗಳಿಕೆ. 1980ರ ದಶಕದಿಂದ ಕೈಬಿಟ್ಟುಹೋಗಿದ್ದ ಒಂದು ಗುಣ ಅಷ್ಟರ ಮಟ್ಟಿಗೆ ಮರಳಿದೆ. ‘ಹಗುರ’ ಎಂಬ ಮಾತನ್ನು ಮಾತ್ರ ಅಕ್ಷರಶಃ ತೆಗೆದುಕೊಳ್ಳಬಾರದು. ಜೆಟ್ರೋಸ್ ಕುಟುಂಬದ ಚಿಕ್ಕ ಲಾರಿಯೂ ನಾಲ್ಕು ಟನ್ನಿನ ಇವೆಕೊ ಮಗ್ಗುಲಲ್ಲಿ ಆನೆಮರಿ. ಕೆನಡಾ ಮುಂದಾಳತ್ವ ವಹಿಸಿರುವ ನೇಟೊ ಪಡೆ ಇರುವ ಲ್ಯಾಟ್ವಿಯಾದ ಕಾಡುದಾರಿ, ಸಣ್ಣ ಸೇತುವೆಗಳಲ್ಲಿ ಅದು ಹೋಗದ ಜಾಗಗಳಿರುತ್ತವೆ. ಆ ಖಾಲಿ ತುಂಬಲು ಜಿಎಂ ಡಿಫೆನ್ಸ್‌ನಿಂದ ತೆರೆದ ಒಡಲಿನ 90 ಹಗುರ ಗಾಡಿಗಳನ್ನು 2024ರಲ್ಲೇ ಬೇರೆಯಾಗಿ ತರಿಸಿದ್ದಾರೆ. ಅಂದರೆ ಮತ್ತೊಂದು ಸಣ್ಣ ಬ್ಯಾಚು.

ಖರೀದಿಯ ಜೊತೆಗೇ ದೀರ್ಘಾವಧಿ ನಿರ್ವಹಣೆಯ ಒಪ್ಪಂದವೂ ಆಗಿದೆ, ಎರಡೂ ಸೇರಿ ಸುಮಾರು 2.6 ಬಿಲಿಯನ್ ಡಾಲರ್. ಮೊದಲ ಲಾರಿಗಳು 2027ರ ಸುಮಾರಿಗೆ ಬರಬೇಕು. ಆಗ ಗಮನಿಸಬೇಕಾದದ್ದು ಎಂಜಿನ್ ಅಶ್ವಶಕ್ತಿಯನ್ನಲ್ಲ. ಡೈಮ್ಲರ್ ಜಗತ್ತಿನಾದ್ಯಂತ ಮಾರುವ ಫಿಲ್ಟರು, ಪ್ಯಾಡು, ಇಂಜೆಕ್ಟರು 2045ರಲ್ಲೂ ಸಿಕ್ಕಾವು. ಮೊದಲು ಅನಾಥವಾಗುವುದು ಕೆನಡಾಕ್ಕೆಂದೇ ಮಾಡಿಸಿದ ಸಾಮಾನು: ರೇಡಿಯೊ ವೈರಿಂಗಿನ ಗೊಂಚಲು, ಕತ್ತಲೆದೀಪದ ಸ್ವಿಚ್ಚು, ಕವಚದ ಕ್ಯಾಬಿನ್ನಿನ ರಬ್ಬರ್ ದಿಂಬು, ಕಂಟೇನರ್ ಕೂರಿಸುವ ಬ್ರಾಕೆಟ್ಟು, ದೋಷ ಓದುವ ಸಾಫ್ಟ್‌ವೇರಿನ ಪರವಾನಗಿ. ಅಂಥವು ಒಂದು ಲಾರಿಯಲ್ಲಿ ಎಷ್ಟಿವೆ, ಅವುಗಳ ನಕ್ಷೆಯ ಹಕ್ಕು ಯಾರ ಹತ್ತಿರ ಇದೆ, ಕಾರ್ಖಾನೆ ಮುಚ್ಚಿದರೆ ಬೇರೆಯವರಿಂದ ಮಾಡಿಸಿಕೊಳ್ಳಲು ಸೇನೆಗೆ ಅನುಮತಿ ಇದೆಯೇ ಎಂಬುದು ನಿರ್ವಹಣೆ ಒಪ್ಪಂದದ ಅನುಬಂಧದಲ್ಲಿ ಇರಬೇಕಾದ ಮಾತು. ಸಿಎಂಪಿಯ 216 ಘನ ಇಂಚಿನ ಎಂಜಿನ್ನಿಗೆ ಇವತ್ತಿಗೂ ಗ್ಯಾಸ್ಕೆಟ್ ಸೆಟ್ ಸಿಗುತ್ತದೆ, ಏಕೆಂದರೆ ಅದೇ ಎಂಜಿನ್ ಆ ಕಾಲದ ಷೆವ್ರೊಲೆ ಕಾರಿನಲ್ಲೂ ಇತ್ತು.